ಜಿಲೇಬಿ, ಬಾವುಟ ಮತ್ತು ಮೂವರು ಪರದೇಶಿಗಳು

ಮುಂಬೈ, ಠಾಣೆ, ಕಲ್ಯಾಣ, ಡೊಂಬಿವಲಿ ಕಡೆಯ ಜನ ಆಗಸ್ಟ್ 15 ಮತ್ತು ಜನವರಿ 26ರಂದು ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ ಜಿಲೇಬಿ ತರುವುದು. ಧ್ವಜವಂದನೆ, ಪರೇಡು, ಟಿವಿಯಲ್ಲಿ ಕೆಂಪುಕೋಟೆಯ ಭಾಷಣ ಎಲ್ಲ ಆಮೇಲೆ. ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ನಮಗೆ ಆಗಸ್ಟ್ 15 ಎಂದರೆ ಶಾಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಡ್‌ಮಾಸ್ತರರ ಉದ್ದನೆಯ ಭಾಷಣ, ಕೊನೆಯಲ್ಲಿ ಕೈಗೆ ಬೀಳುವ ಪೆಪ್ಪರಮೆಂಟು ಅಥವಾ ಬೂಂದಿ ಲಾಡು. ಇಲ್ಲಿ ಮಾತ್ರ ಸ್ವಾತಂತ್ರ್ಯ ಬಂದ ಸುದ್ದಿ ಮೊದಲು ಮೂಗಿಗೆ ತಲುಪುತ್ತದೆ.

ಹಿಂದಿನ ರಾತ್ರಿಯೇ ಫುಟ್‌ಪಾತ್ ಮೇಲೆ ನಾಲ್ಕು ಬಿದಿರು ನೆಟ್ಟು ನೀಲಿ ತಾಡಪತ್ರಿ ಎಳೆದು ಕಟ್ಟುತ್ತಾರೆ. ಆಗಸ್ಟ್ ಎಂದರೆ ಮಳೆ ಇದ್ದೇ ಇರುತ್ತದೆ. ಒಂದು ದೊಡ್ಡ ಒಲೆ, ಅದರ ಮೇಲೆ ಆಳವಿಲ್ಲದ ಅಗಲವಾದ ಬಾಣಲೆ, ಪಕ್ಕದಲ್ಲಿ ಸಕ್ಕರೆ ಪಾಕದ ಪಾತ್ರೆ. ಮೊದಲೇ ಕಲಸಿಟ್ಟ ಮೈದಾ ಹಿಟ್ಟು ರಾತ್ರಿಯೆಲ್ಲ ಹುಳಿ ಬಂದಿರುತ್ತದೆ. ನಸುಕಿನಲ್ಲಿ ಒಲೆ ಹೊತ್ತುತ್ತದೆ. ತೂತು ಮಾಡಿದ ಬಟ್ಟೆಯಲ್ಲಿ ಹಿಟ್ಟು ತುಂಬಿ, ಕಾದ ಎಣ್ಣೆಯ ಮೇಲೆ ಸುರುಳಿ ಸುರುಳಿಯಾಗಿ ಬಿಡುವ ಕೈ ಒಮ್ಮೆ ಶುರುವಾಯಿತೆಂದರೆ ಹತ್ತು ಗಂಟೆಯವರೆಗೆ ನಿಲ್ಲುವುದಿಲ್ಲ. ಸಾಲಿನಲ್ಲಿ ಬನಿಯನ್ ಹಾಕಿಕೊಂಡ ಅಜ್ಜಂದಿರು, ಛತ್ರಿ ಹಿಡಿದ ಗೃಹಿಣಿಯರು, ಶಾಲೆಗೆ ಹೊರಟ ಯೂನಿಫಾರ್ಮಿನ ಮಕ್ಕಳು, ರಾತ್ರಿ ಪಾಳಿ ಮುಗಿಸಿ ಬಂದ ಕಾಲ್ ಸೆಂಟರ್ ಹುಡುಗರು ಎಲ್ಲರೂ ಇರುತ್ತಾರೆ. ಅರ್ಧ ಕಿಲೋ, ಒಂದು ಕಿಲೋ, ಕೆಲವರು ಇಡೀ ಸೊಸೈಟಿಗೆಂದು ಐದು ಕಿಲೋ. ದೊಡ್ಡ ಮಿಠಾಯಿ ಅಂಗಡಿಗಳೂ ಆ ದಿನ ಬೀದಿಗೆ ಮೇಜು ಹಾಕುತ್ತವೆ.

ನಾನು ಬಾಗಲಕೋಟೆ ಜಿಲ್ಲೆಯವನು. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸ ಹಿಡಿದು ಠಾಣೆಗೆ ಬಂದು ಹನ್ನೊಂದು ವರ್ಷವಾಯಿತು. ನೌಪಾಡಾದ ಹಳೆಯ ಮೂರಂತಸ್ತಿನ ಸೊಸೈಟಿಯೊಂದರಲ್ಲಿ ಮನೆ, ಐರೋಲಿಯಲ್ಲಿ ಕಚೇರಿ. ಇಷ್ಟು ವರ್ಷದಲ್ಲಿ ಜಿಲೇಬಿಯ ಸಾಲು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೆ. 2025ರ ಆಗಸ್ಟ್ 15ರಂದು ನಾರ್ವೆಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಜೊತೆಗೆ ಬಂದದ್ದರಿಂದ ಮತ್ತೆ ಯೋಚಿಸುವಂತಾಯಿತು.

ಸಮಿತಿ ಎಲ್ಲಿದೆ?

ಅವರು ಪ್ರಾಜೆಕ್ಟ್ ಕೆಲಸಕ್ಕೆಂದು ಮೂರು ವಾರಕ್ಕೆ ಬಂದಿದ್ದವರು. ಶುಕ್ರವಾರ ರಜೆ ಎಂದು ತಿಳಿದಾಗ, "ನಿಮ್ಮ ರಾಷ್ಟ್ರೀಯ ದಿನದಲ್ಲಿ ಜನ ಬೀದಿಯಲ್ಲಿ ಏನು ಮಾಡುತ್ತಾರೆ? ನನಗೆ ಅದನ್ನು ನೋಡಬೇಕು" ಎಂದರು. ಬೆಳಿಗ್ಗೆ ಐದೂವರೆಗೆ ಬರಬೇಕಾಗುತ್ತದೆ ಎಂದೆ. ಐದೂಕಾಲಿಗೇ ನಮ್ಮ ಗೇಟಿನ ಮುಂದೆ ಮಳೆಕೋಟು ಹಾಕಿಕೊಂಡು ನಿಂತಿದ್ದರು.

ಅವರ ದೇಶದ ಹಬ್ಬ ಮೇ 17. 1814ರಲ್ಲಿ ನಾರ್ವೆಯ ಸಂವಿಧಾನ ಅಂಗೀಕಾರವಾದ ದಿನ. ಆ ದಿನ ಅಲ್ಲಿಯೂ ಬೀದಿ ಬೇಗ ಏಳುತ್ತದೆಯಂತೆ. ಏಳು ಗಂಟೆಗೆಲ್ಲ ಶಾಲಾ ಮಕ್ಕಳ ಬ್ಯಾಂಡು ಕೇರಿ ಕೇರಿಗಳಲ್ಲಿ ಊದುತ್ತಾ ಹೋಗಿ ಮಲಗಿದವರನ್ನು ಎಬ್ಬಿಸುತ್ತದೆ. ಆಮೇಲೆ ಮಕ್ಕಳ ಮೆರವಣಿಗೆ. ಓಸ್ಲೋದಲ್ಲಿ ಆ ಮೆರವಣಿಗೆ ಅರಮನೆಯ ಮುಂದೆ ಹಾಯುವಾಗ ರಾಜಮನೆತನದವರು ಮೊಗಸಾಲೆಯಲ್ಲಿ ನಿಂತು ಕೈಬೀಸುತ್ತಾರೆ. ಟ್ಯಾಂಕು, ತೋಪಿನ ಪ್ರದರ್ಶನ ಇಲ್ಲ. ಶಾಲೆಯ ಮಕ್ಕಳೇ ಮುಖ್ಯ. ಮೊದಲ ಸಲ ಇಂಥ ಮೆರವಣಿಗೆ ನಡೆದದ್ದು 1870ರಲ್ಲಿ, ಆಗ ಹುಡುಗರು ಮಾತ್ರ. ಹುಡುಗಿಯರು ಸೇರಿದ್ದು 1889ರಲ್ಲಿ. ಆ ದಿನ ಮಕ್ಕಳು ಎಷ್ಟು ಐಸ್‌ಕ್ರೀಮ್ ಕೇಳಿದರೂ ಅಪ್ಪ ಅಮ್ಮ ಇಲ್ಲವೆನ್ನುವಂತಿಲ್ಲ. ಜಿಲೇಬಿಯ ಸಾಲಿನಲ್ಲಿ ನಿಂತು ಇದನ್ನು ಕೇಳಿದಾಗ, ಸಿಹಿಯ ವಿಷಯದಲ್ಲಿ ಎರಡೂ ದೇಶಗಳಿಗೆ ಹೆಚ್ಚು ವ್ಯತ್ಯಾಸವಿಲ್ಲ ಅನ್ನಿಸಿತು.

ಜಿಲೇಬಿ ತಿಂದು ಬೆರಳು ನೆಕ್ಕುತ್ತಾ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದರ ಸಮಿತಿ ಎಲ್ಲಿದೆ?"

ನಾರ್ವೆಯಲ್ಲಿ ಪ್ರತಿ ಶಾಲೆಗೂ ಮೇ 17ರ ಸಮಿತಿ ಇರುತ್ತದೆ. ಪಾಲಕರೇ ಸದಸ್ಯರು. ಯಾರು ಕಾಫಿ ಮಾಡಬೇಕು, ಯಾರು ಬಾವುಟ ಕಟ್ಟಬೇಕು, ಮಧ್ಯಾಹ್ನ ಯಾರು ಗುಡಿಸಬೇಕು ಎಂಬುದಕ್ಕೆ ತಿಂಗಳುಗಳ ಮುಂಚೆಯೇ ಪಟ್ಟಿ ಸಿದ್ಧ. ಆದ್ದರಿಂದ ಬೀದಿ ತುಂಬಾ ಇಷ್ಟು ಕೆಲಸ ನಡೆಯುವಾಗ ಹಿಂದೆ ಯಾರೋ ಪಟ್ಟಿ ಹಿಡಿದುಕೊಂಡು ನಿಂತಿರಲೇಬೇಕು ಎಂಬುದು ಅವರ ಲೆಕ್ಕ.

ಇಲ್ಲಿ ಸಮಿತಿ ಇಲ್ಲ ಎಂದೆ. ಹಾಗಾದರೆ ಯಾರು ಮಾಡುತ್ತಾರೆ ಎಂದರು. ಅದಕ್ಕೆ ನಾವಿಬ್ಬರೂ ಆ ಬೆಳಿಗ್ಗೆ ಎದುರಾದವರನ್ನೆಲ್ಲ ಮಾತಾಡಿಸುತ್ತಾ ಹೋದೆವು. ಸಾಫ್ಟ್‌ವೇರಿನವರಿಗೆ ಇದೊಂದು ಚಟ. ಒಂದು ವ್ಯವಸ್ಥೆ ತಾನಾಗಿ ನಡೆಯುತ್ತಿದೆ ಎಂದು ಯಾರಾದರೂ ಹೇಳಿದರೆ ನಂಬುವುದಿಲ್ಲ, ಒಳಗೆ ಕೈಹಾಕಿ ನೋಡುತ್ತೇವೆ.

ಜಿಲೇಬಿ ಬಿಡುತ್ತಿದ್ದವರು ಉತ್ತರ ಪ್ರದೇಶದ ಜೌನ್‌ಪುರದವರು. ವರ್ಷವಿಡೀ ಒಂದು ಮಿಠಾಯಿ ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುವವರು, ಈ ಎರಡು ದಿನ ಮಾತ್ರ ಸ್ವಂತ ಒಲೆ ಹೂಡುತ್ತಾರೆ. ತಲಾವ್ ಪಾಳಿಯ ಸಿಗ್ನಲ್ಲಿನಲ್ಲಿ ಸಣ್ಣ ಬಾವುಟ, ಎದೆಗೆ ಚುಚ್ಚುವ ಬಿಲ್ಲೆ ಮಾರುತ್ತಿದ್ದ ಹೆಂಗಸು ಸೊಲ್ಲಾಪುರದ ಕಡೆಯವರು. ನನ್ನ ಹಿಂದಿ ಕೇಳಿ ಅವರು ನನ್ನ ಊರು ವಿಚಾರಿಸಿದರು, ಮುಂದಿನ ಮಾತೆಲ್ಲ ಕನ್ನಡದಲ್ಲಿ ನಡೆಯಿತು. ಹೂವಿನ ಮಾರುಕಟ್ಟೆಯಿಂದ ಧ್ವಜದೊಳಗೆ ಕಟ್ಟುವ ಚೆಂಡುಹೂವಿನ ಎಸಳು ಕೊಂಡೆವು. ಚಹಾ ಕುಡಿದ ಹೋಟೆಲಿನ ಗಲ್ಲಾದಲ್ಲಿದ್ದವರು ಕಾರ್ಕಳದವರು, ಬೆಳಿಗ್ಗೆ ನಾಲ್ಕಕ್ಕೆ ಇಡ್ಲಿ ಹಿಟ್ಟಿಗೆ ಕೈಹಾಕಿದವರು. ರಜೆ ದಿನ ಮಾಟುಂಗಾದ ಉಡುಪಿ ಹೋಟೆಲುಗಳ ಮುಂದೆ ಏಳು ಗಂಟೆಗೇ ಹೆಸರು ಬರೆಸಿ ಕಾಯುವ ಜನರನ್ನು ನೀವು ನೋಡಿರಬಹುದು. ಅವರಿಗೆಲ್ಲ ಅದು ರಜೆ. ಒಳಗಿರುವವರಿಗೆ ವರ್ಷದ ಅತಿ ಹೆಚ್ಚು ಗಿರಾಕಿಗಳ ದಿನ.

ಎಲ್ಲರ ಉತ್ತರ ಕೇಳಿ ಮುಗಿದ ಮೇಲೆ ನಮ್ಮ ಅತಿಥಿ ಹೇಳಿದ್ದು: "ಅಂದರೆ ಈ ಊರಿನ ರಾಷ್ಟ್ರೀಯ ಹಬ್ಬವನ್ನು ನಡೆಸುವವರು ಬೇರೆ ಊರಿನವರು."

ಮೊದಲು ಬೀದಿಗೆ ಇಳಿದವರು

ಮುಂಬೈಗೆ ಬೀದಿಯ ಮುಂಜಾನೆ ಹೊಸದಲ್ಲ. ಇಲ್ಲಿ ಜಿಲೇಬಿಗಿಂತ ಮುಂಚೆ ಪ್ರಭಾತ ಫೇರಿ ಇತ್ತು. 1930ರ ಕಾನೂನು ಭಂಗ ಚಳವಳಿಯ ಕಾಲದಲ್ಲಿ ಮುಂಬೈಯ ಕೇರಿಗಳಲ್ಲಿ ಸೂರ್ಯ ಹುಟ್ಟುವ ಮುಂಚೆ ಗುಂಪು ಗುಂಪಾಗಿ ಜನ ಹಾಡುತ್ತಾ ಹೋಗುತ್ತಿದ್ದರು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಮನೆಯಿಂದ ಹೊರಬಂದದ್ದು ಆಗಲೇ. ಹಗಲಿನ ಸಭೆಗೆ ನಿಷೇಧ ಹೇರಬಹುದು, ಬೆಳಗಿನ ಭಜನೆಯಂತೆ ಕೇಳುವ ಹಾಡಿಗೆ ಏನು ಮಾಡುವುದು? ಇದನ್ನು ಹೇಳಿದಾಗ ನಮ್ಮ ಅತಿಥಿ ತಲೆಯಾಡಿಸಿದರು. 1940ರಿಂದ 1945ರವರೆಗೆ ನಾಜಿಗಳ ವಶದಲ್ಲಿದ್ದ ನಾರ್ವೆಯಲ್ಲಿ ಮೇ 17ರ ಆಚರಣೆಗೆ ನಿಷೇಧವಿತ್ತಂತೆ.

1942ರ ಆಗಸ್ಟ್ 8ರಂದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕ್ವಿಟ್ ಇಂಡಿಯಾ ನಿರ್ಣಯವಾಯಿತು. ಮರುದಿನ ನಸುಕಿನಲ್ಲೇ ಗಾಂಧೀಜಿ ಮತ್ತು ಇತರ ನಾಯಕರ ಬಂಧನವಾಯಿತು. ನಾಯಕರಿಲ್ಲದ ಆ ಬೆಳಿಗ್ಗೆ ಅದೇ ಮೈದಾನದಲ್ಲಿ ಬಾವುಟ ಏರಿಸಿದವರು ಅರುಣಾ ಆಸಫ್ ಅಲಿ. ಈಗ ಅದು ಆಗಸ್ಟ್ ಕ್ರಾಂತಿ ಮೈದಾನ. ಪ್ರತಿ ಆಗಸ್ಟ್ 9ರ ಬೆಳಿಗ್ಗೆ ಗಿರಗಾಂವ್ ಚೌಪಾಟಿಯಿಂದ ಆ ಮೈದಾನದವರೆಗೆ ಮೌನವಾಗಿ ನಡೆದು ಹೋಗುವ ಪದ್ಧತಿಯನ್ನು ಸ್ವಾತಂತ್ರ್ಯ ಹೋರಾಟಗಾರ ಡಾ. ಜಿ.ಜಿ. ಪಾರೀಖ್ ಮತ್ತು ಅವರ ಸಂಗಾತಿಗಳು ದಶಕಗಳ ಕಾಲ ನಡೆಸಿಕೊಂಡು ಬಂದರು. ಆ ಶತಾಯುಷಿ 2025ರ ಅಕ್ಟೋಬರ್ 2ರಂದು ತೀರಿಕೊಂಡರು. ಗಾಂಧಿ ಜಯಂತಿಯ ದಿನ.

ನಮ್ಮ ಕಡೆಯವರಿಗೆ ಪ್ರಭಾತ ಫೇರಿ ಗೊತ್ತಿಲ್ಲದ ಮಾತಲ್ಲ. ನಮ್ಮೂರಿನ ಶಾಲೆಯಲ್ಲಿ ಈಗಲೂ ಆಗಸ್ಟ್ 15ರ ಬೆಳಿಗ್ಗೆ ಮಕ್ಕಳು ಗಾಂಧೀಜಿ ಫೋಟೋ ಇಟ್ಟುಕೊಂಡು ಓಣಿ ಓಣಿ ಸುತ್ತುತ್ತಾರೆ. ಮುಂದಿದ್ದವನು "ಬೋಲೋ ಭಾರತ್ ಮಾತಾಕೀ" ಎಂದರೆ ಹಿಂದಿನವರು "ಜೈ" ಎನ್ನಬೇಕು. ಹಿಂದಿ ಬಾರದ ಊರಿನಲ್ಲಿ ಇದೊಂದು ಹಿಂದಿ ವಾಕ್ಯ ಎಲ್ಲರಿಗೂ ಬಾಯಿಪಾಠ. ಅಂಗಳಕ್ಕೆ ನೀರು ಹಾಕುತ್ತಿದ್ದ ಹೆಂಗಸರು ತಂಬಿಗೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದರು.

ಬಾವುಟಕ್ಕೆ ವಂದಿಸುವ ಈ ಶಿಸ್ತು ದೇಶದಾದ್ಯಂತ ಹರಡಿದ್ದರಲ್ಲಿ ಕನ್ನಡಿಗರೊಬ್ಬರ ಪಾಲು ದೊಡ್ಡದು. 1923ರ ನಾಗಪುರದ ಝಂಡಾ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಸ್ವಯಂಸೇವಕರನ್ನು ಕರೆದುಕೊಂಡು ಹೋದ ಡಾ. ನಾ.ಸು. ಹರ್ಡೀಕರ್ ಮತ್ತು ಅವರ ಸಂಗಡಿಗರು ಜೈಲಿನಲ್ಲಿ ಕ್ಷಮೆ ಕೇಳಲು ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ, ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಕೇಂದ್ರ ಹುಬ್ಬಳ್ಳಿ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಸಾಲಾಗಿ ನಿಂತು ಧ್ವಜವಂದನೆ ಮಾಡುವ ಪದ್ಧತಿ ಸೇವಾದಳದ್ದು.

ಇನ್ನೊಂದು ಸಂಗತಿಯನ್ನು ಅತಿಥಿಗೆ ಹೇಳಿದೆ, ಅವರಿಗಿಂತ ಹೆಚ್ಚಾಗಿ ನನಗೇ ಹೇಳಿಕೊಂಡೆ. 1947ರ ಆಗಸ್ಟ್ 15ರಂದು ಬಾಗಲಕೋಟೆ ಇದ್ದದ್ದು ಮುಂಬೈ ಪ್ರಾಂತದಲ್ಲಿ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರವೂ ಹಾಗೆಯೇ. 1956ರ ನವೆಂಬರ್ 1ರವರೆಗೆ ನಮ್ಮ ಅಜ್ಜಂದಿರಿಗೆ ಮುಂಬೈಯೇ ರಾಜಧಾನಿ. ಮುಂಬೈ ಕರ್ನಾಟಕ ಎಂಬ ಹೆಸರು 2021ರಲ್ಲಿ ಕಿತ್ತೂರು ಕರ್ನಾಟಕವಾಗುವವರೆಗೂ ಉಳಿದಿತ್ತು. ಅಜ್ಜನ ಕಾಲಕ್ಕೆ ನಮ್ಮದಾಗಿದ್ದ ಊರಿಗೆ ಮೊಮ್ಮಗ ಹೊರಗಿನವನಾಗಿ ಬಂದಿದ್ದೇನೆ. ಲೋಕಲ್ ರೈಲಿನಲ್ಲಿ ಮನೆಯಿಂದ ಫೋನ್ ಬಂದರೆ ಕನ್ನಡವನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಆಡುವುದು ಇಲ್ಲಿ ಇರುವ ಅನೇಕರಿಗೆ ಅಭ್ಯಾಸವಾಗಿದೆ. ಯಾರೂ ಏನೂ ಅಂದಿರುವುದಿಲ್ಲ. ಆದರೂ ತಗ್ಗಿಸುತ್ತೇವೆ.

ಹಗ್ಗ ಕಟ್ಟುವ ಕೈ

ನಮ್ಮ ಸೊಸೈಟಿಯ ಧ್ವಜವಂದನೆ ಎಂಟು ಗಂಟೆಗೆ. ಸೆಕ್ರೆಟರಿ ಬ್ಯಾಂಕಿನಿಂದ ನಿವೃತ್ತರಾದ ಮರಾಠಿಯವರು, ನಾವೆಲ್ಲ ಕಾಕಾ ಎನ್ನುತ್ತೇವೆ. ಪ್ರತಿ ವರ್ಷ ಕಟ್ಟಡದ ಅತ್ಯಂತ ಹಿರಿಯರಿಂದ ಹಗ್ಗ ಎಳೆಸುವುದು ಅವರ ನಿಯಮ. ಆದರೆ ಆ ಹಗ್ಗ ಎಳೆದಾಗ ಬಾವುಟ ಬಿಚ್ಚಿ ಹೂವು ಉದುರಬೇಕಾದರೆ ಅದನ್ನು ಮೊದಲು ಸರಿಯಾಗಿ ಮಡಚಿ ಕಟ್ಟಿರಬೇಕಲ್ಲ. ಆ ಕೆಲಸ ಹದಿನಾಲ್ಕು ವರ್ಷದಿಂದ ನಮ್ಮ ವಾಚ್‌ಮನ್‌ರದು.

ಅವರು ನೇಪಾಳದವರು. ಮಕ್ಕಳೂ ದೊಡ್ಡವರೂ ಅವರನ್ನು ದಾಜು ಎಂದು ಕರೆಯುತ್ತಾರೆ. ನೇಪಾಳಿಯಲ್ಲಿ ದಾಜು ಎಂದರೆ ಅಣ್ಣ. ಆ ಬೆಳಿಗ್ಗೆ ದಾಜು ಪಾರ್ಕಿಂಗ್ ಜಾಗದಲ್ಲಿ ಒಣಗಿದ ಚಾದರ ಹಾಸಿ, ಅದರ ಮೇಲೆ ಬಾವುಟ ಬಿಡಿಸಿಟ್ಟು ಮಡಚತೊಡಗಿದರು. ಮೊದಲು ಉದ್ದಕ್ಕೆ, ಕೇಸರಿ ಮತ್ತು ಹಸಿರು ಬಿಳಿಯ ಅಡಿಗೆ ಹೋಗುವಂತೆ. ಆಮೇಲೆ ಅಡ್ಡಕ್ಕೆ, ಚಕ್ರ ಮಾತ್ರ ಮೇಲೆ ಕಾಣುವಂತೆ. ನಡುವೆ ಒಂದು ಹಿಡಿ ಎಸಳು. ಕೊನೆಗೆ ಹಗ್ಗದ ಗಂಟು. ಗಂಟು ಬಿಗಿಯಾದರೆ ಎಳೆದಾಗ ಬಿಚ್ಚುವುದಿಲ್ಲ, ಸಡಿಲವಾದರೆ ಗಾಳಿಗೇ ಬಿಚ್ಚಿಕೊಳ್ಳುತ್ತದೆ. ಒಂದೇ ಎಳೆತಕ್ಕೆ ಬಿಚ್ಚಬೇಕು, ಅಲ್ಲಿಯವರೆಗೆ ಹಿಡಿದಿರಬೇಕು. ನಮ್ಮ ಅತಿಥಿ ಫೋನಿನಲ್ಲಿ ಆ ಗಂಟಿನ ಚಿತ್ರವನ್ನೇ ಆರು ಸಲ ತೆಗೆದರು.

"ಇವರು ಎಲ್ಲಿಯವರು?" ಎಂದು ಅವರು ಕೇಳಿದರು. ನೇಪಾಳ ಎಂದೆ. "ಹಾಗಾದರೆ ನನ್ನ ಹಾಗೆ ವಿದೇಶಿ!"

ಕಾಗದದ ಪ್ರಕಾರ ಹೌದು. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ವೀಸಾ ಇಲ್ಲದೆ ಬರಬಹುದು, ಇರಬಹುದು, ದುಡಿಯಬಹುದು. ಆದರೆ ವೋಟು ಇಲ್ಲ. ಈ ವಿಚಾರ ನನ್ನ ತಲೆಗೆ ಅದುವರೆಗೆ ಹೊಳೆದೇ ಇರಲಿಲ್ಲ. ನಮ್ಮ ಕಟ್ಟಡದಲ್ಲಿ ಬಾವುಟದ ನಿಯಮ ಅತ್ಯಂತ ಚೆನ್ನಾಗಿ ಗೊತ್ತಿರುವುದು ದಾಜುಗೆ. ಬಾವುಟ ನೆಲ ಮುಟ್ಟಬಾರದು, ಕೇಸರಿ ಮೇಲಿರಬೇಕು, ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಸಂಜೆ ಎಲ್ಲರೂ ಮಲಗೆದ್ದು ಚಹಾ ಕುಡಿಯುವ ಹೊತ್ತಿಗೆ ಒಬ್ಬರೇ ನಿಂತು ನಿಧಾನವಾಗಿ ಇಳಿಸುವವರೂ ಅವರೇ. ನಿಮ್ಮ ದೇಶದ ಬಾವುಟವನ್ನು ಹೀಗೇ ಮಡಚುತ್ತಾರಾ ಎಂದು ಕೇಳಿದೆ. ದಾಜು ನಕ್ಕರು. "ನಮ್ಮದು ಚೌಕವಲ್ಲ ಸಾಬ್, ಎರಡು ತ್ರಿಕೋನ. ಅದನ್ನು ಮಡಚುವ ಲೆಕ್ಕವೇ ಬೇರೆ."

ಉತ್ತರ ಕರ್ನಾಟಕದಲ್ಲಿ ಪರದೇಶಿ ಎಂಬ ಮಾತಿಗೆ ವಿದೇಶದವನು ಎಂಬ ಅರ್ಥಕ್ಕಿಂತ ದಿಕ್ಕಿಲ್ಲದವನು ಎಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. "ಪಾಪ, ಪರದೇಶಿ ಕೂಸು" ಎನ್ನುತ್ತಾರೆ. ಪಾಸ್‌ಪೋರ್ಟಿನ ಲೆಕ್ಕದಲ್ಲಿ ಆ ಧ್ವಜಸ್ತಂಭದ ಸುತ್ತ ಇಬ್ಬರು ಪರದೇಶಿಗಳಿದ್ದರು, ನಮ್ಮೂರಿನ ಲೆಕ್ಕ ಹಿಡಿದರೆ ನನ್ನನ್ನೂ ಸೇರಿಸಿ ಮೂವರು. ಎಂಟು ಗಂಟೆಗೆ ಎರಡನೆಯ ಮಹಡಿಯ ತೊಂಬತ್ತರ ಆಜಿ ಹಗ್ಗ ಎಳೆದರು. ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಎಸಳುಗಳು ಅರ್ಧ ಆಜಿಯ ತಲೆಯ ಮೇಲೆ, ಅರ್ಧ ನಾರ್ವೆಯವರ ಮಳೆಕೋಟಿನ ಮೇಲೆ. ರಾಷ್ಟ್ರಗೀತೆ ಹಾಡಿದ್ದು ಎಂದಿನಂತೆ ಎರಡು ಶ್ರುತಿಯಲ್ಲಿ. ಆಮೇಲೆ ಜಿಲೇಬಿಯ ಪೊಟ್ಟಣ ಹಂಚಿದೆವು.

ಒಂದನೇ ನಂಬರಿನ ಬಟ್ಟೆ

ಸೊಸೈಟಿಯ ಬಾವುಟ ಖಾದಿಯದು. ಕಂಬದ ಕಡೆಯ ದಪ್ಪ ಪಟ್ಟಿಯ ಮೇಲೆ ಹುಬ್ಬಳ್ಳಿಯ ಹೆಸರು ಮಾಸಿದ ಅಕ್ಷರದಲ್ಲಿ ಕಾಣುತ್ತದೆ. ಕಾಕಾ ಅದನ್ನು ಎಂಟು ವರ್ಷದ ಹಿಂದೆ ಖಾದಿ ಭಂಡಾರದಿಂದ ತಂದದ್ದು.

ಇಂಜಿನಿಯರುಗಳಿಗೆ ಇಷ್ಟವಾಗುವ ಒಂದು ಮಾಹಿತಿ ಇಲ್ಲಿದೆ. ನಮ್ಮ ದೇಶದಲ್ಲಿ ಸಿಮೆಂಟಿನಿಂದ ಕುಕ್ಕರಿನವರೆಗೆ ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೋದ ಐಎಸ್ ಸಂಖ್ಯೆ ಇರುತ್ತದೆ. ಆ ಪಟ್ಟಿಯಲ್ಲಿ ಒಂದನೇ ನಂಬರು, ಐಎಸ್ 1, ಹತ್ತಿ ಖಾದಿಯ ರಾಷ್ಟ್ರಧ್ವಜದ್ದು. ಬಣ್ಣದ ಛಾಯೆ, ನೂಲಿನ ಎಣಿಕೆ, ಬಟ್ಟೆಯ ತೂಕ, ಹೊಲಿಗೆ ಎಲ್ಲಕ್ಕೂ ಅಳತೆ ಇದೆ. ಅಗಲ ಎರಡಾದರೆ ಉದ್ದ ಮೂರು. ಒಟ್ಟು ಒಂಬತ್ತು ಗಾತ್ರ. ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಅತಿ ಚಿಕ್ಕದು 150 ಮಿಲಿಮೀಟರ್ ಉದ್ದದ್ದು, ಮೇಜಿನ ಮೇಲೆ ಇಡುವಂಥದು.

ಈ ಮಾನಕದ ಪ್ರಕಾರ ಧ್ವಜ ತಯಾರಿಸಲು ಪರವಾನಗಿ ಪಡೆದ ಸಂಸ್ಥೆ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರಲ್ಲಿ ಹುಟ್ಟಿದ ಸಂಸ್ಥೆ. ಧ್ವಜದ ಬಟ್ಟೆ ನೇಯುವುದು ಬಾಗಲಕೋಟೆ ಬಳಿಯ ತುಳಸಿಗೇರಿಯಲ್ಲಿ. ಬಣ್ಣ ಹಾಕುವುದು, 24 ಅರೆಗಳ ಅಶೋಕ ಚಕ್ರವನ್ನು ಎರಡೂ ಬದಿಗೆ ತಾಳೆಯಾಗುವಂತೆ ಅಚ್ಚು ಹಾಕುವುದು, ಹೊಲಿಯುವುದು, ಹಗ್ಗ ಪೋಣಿಸುವುದು ಬೆಂಗೇರಿಯಲ್ಲಿ. ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು. ಮಹಾರಾಷ್ಟ್ರದ ನಾಂದೇಡ್‌ನಲ್ಲಿಯೂ ಖಾದಿ ಧ್ವಜ ತಯಾರಾಗುತ್ತದೆ. ತುಳಸಿಗೇರಿ ಎಂದರೆ ಹೆಚ್ಚಿನವರಿಗೆ ಹನುಮಪ್ಪನ ಗುಡಿ ನೆನಪಾಗುತ್ತದೆ, ನಮಗೆ ಮಗ್ಗವೂ ನೆನಪಾಗುತ್ತದೆ.

ಏಕೆಂದರೆ ನಮ್ಮ ದೊಡ್ಡವ್ವ ನಮ್ಮ ಕಡೆಯ ಒಂದು ಖಾದಿ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ನೂಲು ತೆಗೆದವಳು. ದಿನಗೂಲಿಯಲ್ಲ, ತೆಗೆದಷ್ಟು ಲಡಿಗೆ ಇಷ್ಟು ಎಂದು ಲೆಕ್ಕ. ನನ್ನ ಬಿಇ ಮೊದಲ ವರ್ಷದ ಪುಸ್ತಕದ ದುಡ್ಡು ಆ ಲಡಿಗಳಿಂದ ಬಂದದ್ದು. ಜನವರಿ, ಆಗಸ್ಟ್ ಹತ್ತಿರ ಬಂದರೆ ಕೇಂದ್ರದಲ್ಲಿ ಕೈಬಿಡುವು ಇರುತ್ತಿರಲಿಲ್ಲ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಕೈಯಿಂದ ನೂತು ನೇಯ್ದ ಬಟ್ಟೆಯ ಜೊತೆಗೆ ಯಂತ್ರದಲ್ಲಿ ತಯಾರಾದ ಬಟ್ಟೆಗೂ, ಪಾಲಿಯೆಸ್ಟರ್‌ಗೂ ಅನುಮತಿ ಸಿಕ್ಕಿತು. 2022ರ ಆಗಸ್ಟ್ 13ರಿಂದ 15ರವರೆಗೆ ಮನೆ ಮನೆಯಲ್ಲಿ ತಿರಂಗಾ ಹಾರಿತು. ಅಂಚೆ ಕಚೇರಿಯಲ್ಲಿ ಬಾವುಟದ ಬೆಲೆ 25 ರೂಪಾಯಿ. ಅಷ್ಟು ಕಡಿಮೆ ಸಮಯದಲ್ಲಿ ಅಷ್ಟು ಮನೆಗಳಿಗೆ ಆಗುವಷ್ಟು ಬಾವುಟವನ್ನು ಚರಕದಲ್ಲಿ ನೂತು ಕೊಡಲು ಆಗುತ್ತಿರಲಿಲ್ಲ ಎಂಬುದು ನಿಜ. ಅನೇಕ ಊರುಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ಹೊಲಿಗೆ ಕೆಲಸ ಸಿಕ್ಕಿತು ಎಂಬುದೂ ನಿಜ. ಎಂದೂ ಬಾವುಟ ಕಾಣದ ಗುಡಿಸಲಿನ ಮೇಲೆ ಬಾವುಟ ಹಾರಿದ್ದನ್ನು ಕಂಡು ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಹುಬ್ಬಳ್ಳಿಯ ಸಂಘಕ್ಕೆ ಬರುವ ಬೇಡಿಕೆ ಆ ವರ್ಷ ಕುಸಿಯಿತು, ತಿದ್ದುಪಡಿಯನ್ನು ಸಂಘ ವಿರೋಧಿಸಿತು. ಧ್ವಜದ ಬೇಡಿಕೆ ಕಡಿಮೆಯಾದರೆ ಹೊಲಿಗೆ ನಿಲ್ಲುತ್ತದೆ, ಹೊಲಿಗೆ ನಿಂತರೆ ಮಗ್ಗ, ಮಗ್ಗ ನಿಂತರೆ ನೂಲು.

ಧ್ವಜವಂದನೆ ಮುಗಿದ ಮೇಲೆ ದೊಡ್ಡವ್ವನಿಗೆ ಫೋನ್ ಮಾಡಿದೆ. ಊರಲ್ಲಿ ಫೇರಿ ಬಂದು ಹೋಗಿತ್ತು.

"ನಮ್ಮ ಬಿಲ್ಡಿಂಗಿನ್ಯಾಗ ಹುಬ್ಬಳ್ಳಿ ಬಾವುಟಾ ಹಾರೇತಿ, ದೊಡ್ಡವ್ವ" ಎಂದೆ.

"ಛಲೋ ಆತು ತಮ್ಮಾ. ಒದ್ದಿ ಆಗಿದ್ರ ನೆರಳಾಗ ಒಣಗಸ್ರಿ, ಬಿಸಲಿಗೆ ಹಾಕಬ್ಯಾಡ್ರಿ. ಬಣ್ಣ ಹೊಕ್ಕೇತಿ."

"ನಿಮ್ಮ ಮನಿ ಮ್ಯಾಲ?"

"ಪಂಚಾಯ್ತಿಯವ್ರು ಕೊಟ್ಟಿದ್ರಲ್ಲ, ಆ ಮಿರಿಮಿರಿ ಅರಿವೀದು. ಅದನ್ನ ಕಟ್ಟೇವಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದಳು: "ನಾ ನೂತ ನೂಲಿನ ಬಾವುಟಾ ಕೊಂಡು ತರಾಕ ನನಗ ಆಗೂದುಲ್ಲೊ ತಮ್ಮಾ. ಅದು ಮೊದ್ಲಿಂದನೂ ಹಂಗ. ಕೆಲಸಾ ಇತ್ತು, ಅಷ್ಟ ಸಾಕಿತ್ತು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಪಕ್ಕದಲ್ಲಿದ್ದ ಅತಿಥಿ ಏನೆಂದರು ಎಂದು ಕೇಳಿದರು. ಅನುವಾದ ಮಾಡಿ ಹೇಳಿದೆ. ಅವರು ಬೆಳಗಿನಿಂದ ಹುಡುಕುತ್ತಿದ್ದ ಸಮಿತಿಯ ಕೊನೆಯ ಸದಸ್ಯೆ ಇವರೇ ಇರಬೇಕು ಎಂದರು. ಆ ಮಾತು ನನಗೆ ಹಿಡಿಸಿತು. ಜೌನ್‌ಪುರ, ಸೊಲ್ಲಾಪುರ, ಕಾರ್ಕಳ, ನೇಪಾಳ, ಬಾಗಲಕೋಟೆ. ಒಬ್ಬರಿಗೊಬ್ಬರು ಪರಿಚಯವಿಲ್ಲ, ಒಂದು ಸಭೆಯೂ ಸೇರಿಲ್ಲ. ಆದರೂ ಠಾಣೆಯ ಒಂದು ಓಣಿಯ ಬೆಳಗನ್ನು ಇವರೇ ಸೇರಿ ಮಾಡಿದ್ದರು.

ಹದಿನಾರರ ಬೆಳಿಗ್ಗೆ

ಹದಿನೈದರ ಬೆಳಗು ಎಲ್ಲರಿಗೂ ಗೊತ್ತು. ಹದಿನಾರರ ಬೆಳಗನ್ನು ಹೆಚ್ಚಿನವರು ನೋಡುವುದಿಲ್ಲ. ಕೆಂಪುಕೋಟೆಯ ಮೇಲೆ ನೆಹರೂ ಮೊದಲ ಸಲ ಬಾವುಟ ಹಾರಿಸಿದ್ದು 1947ರ ಆಗಸ್ಟ್ 16ರಂದು ಎಂಬುದು ಅನೇಕರಿಗೆ ಗೊತ್ತಿಲ್ಲದ ಹಾಗೆಯೇ ಇದೂ.

2025ರ ಆಗಸ್ಟ್ 16ರಂದು ಗೋಪಾಳಕಾಲಾ. ಠಾಣೆಯಲ್ಲಿ ದಹಿಹಂಡಿಯ ಗದ್ದಲ, ಮೇಲೆ ಬಿಡದೆ ಸುರಿಯುವ ಮಳೆ. ಬೆಳಿಗ್ಗೆ ಹಾಲು ತರಲು ಹೋದಾಗ ತಲಾವ್ ಪಾಳಿಯ ಸುತ್ತ ನೀರು ಹರಿಯುವಲ್ಲೆಲ್ಲ ಹಿಂದಿನ ದಿನದ ಸಣ್ಣ ಬಾವುಟಗಳು. ಕೆಲವು ಕಾಗದದವು, ಕರಗಿ ಬಣ್ಣ ಬಿಟ್ಟಿದ್ದವು. ಹೆಚ್ಚಿನವು ಪ್ಲಾಸ್ಟಿಕ್ಕಿನವು, ಏನೂ ಆಗಿರಲಿಲ್ಲ. ಅವುಗಳನ್ನು ಹೆಕ್ಕಿ ಚೀಲಕ್ಕೆ ಹಾಕುತ್ತಿದ್ದ ಕೆಲವು ಕಾಲೇಜು ಹುಡುಗ ಹುಡುಗಿಯರಿದ್ದರು. ಅವರ ಜೊತೆಗೆ, ಯಾರೂ ಹೇಳದೆ, ಹಿಂದಿನ ದಿನ ಅದೇ ಬಾವುಟಗಳನ್ನು ಮಾರಿದ್ದ ಸೊಲ್ಲಾಪುರದ ಆ ಹೆಂಗಸು. "ನಾವ ಮಾರಿದ್ದು, ಕಾಲಾಗ ತುಳಿಯೂದು ನೋಡಾಕ ಆಗೂದುಲ್ರಿ" ಎಂದರು.

ಧ್ವಜ ಸಂಹಿತೆ ಹೇಳುವುದೂ ಇದನ್ನೇ. ಜನ ಕೈಯಲ್ಲಿ ಹಿಡಿಯುವ ಕಾಗದದ ಬಾವುಟವನ್ನು ಕಾರ್ಯಕ್ರಮದ ನಂತರ ನೆಲಕ್ಕೆ ಎಸೆಯುವಂತಿಲ್ಲ. ಹರಿದ, ಹಾಳಾದ ಧ್ವಜವನ್ನು ಜನರ ಕಣ್ಣಿಗೆ ಬೀಳದಂತೆ, ಇಡಿಯಾಗಿ, ಗೌರವದಿಂದ, ಸುಡುವ ಮೂಲಕವೋ ಬೇರೆ ಸೂಕ್ತ ರೀತಿಯಲ್ಲೋ ವಿಲೇವಾರಿ ಮಾಡಬೇಕು.

ಹೊರನಾಡಿನಲ್ಲಿರುವ ಓದುಗರಲ್ಲಿ ಅನೇಕರು ನಮ್ಮಂತೆ ಸೊಸೈಟಿಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಇರುವವರು. ಕನ್ನಡ ಸಂಘದ ಕಟ್ಟಡಕ್ಕೆ, ಮಕ್ಕಳ ಶಾಲೆಗೆ, ಕಚೇರಿಗೆ ಬಾವುಟ ತರುವ ಹೊಣೆ ಒಂದಲ್ಲ ಒಂದು ವರ್ಷ ನಮ್ಮ ಮೇಲೆ ಬರುತ್ತದೆ. ಆಗ ಎರಡು ಕೆಲಸ ಮಾಡಬಹುದು. ಕಂಬಕ್ಕೆ ಏರಿಸುವ ಒಂದು ಬಾವುಟವನ್ನಾದರೂ ಖಾದಿಯದೇ ತರಬಹುದು. ಪಾಲಿಯೆಸ್ಟರ್‌ಗಿಂತ ಹಲವು ಪಟ್ಟು ದುಬಾರಿ, ಆದರೆ ಐವತ್ತು ಮನೆಗಳು ಹಂಚಿಕೊಂಡರೆ ತಲೆಗೆ ಒಂದು ಪ್ಲೇಟು ಜಿಲೇಬಿಯ ಬೆಲೆಯೂ ಆಗುವುದಿಲ್ಲ. ನೆರಳಲ್ಲಿ ಒಣಗಿಸಿ ಮಡಚಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಮಳೆಯಲ್ಲಿ ಭಾರವಾಗಿ ಜೋತು ಬೀಳುತ್ತದೆ ಎಂಬುದೊಂದೇ ತಕರಾರು. ಆ ದಿನ ನಮ್ಮದೂ ಹತ್ತು ಗಂಟೆಗೆ ಜೋತು ಬಿದ್ದಿತ್ತು, ಮಧ್ಯಾಹ್ನ ಗಾಳಿ ಬಂದಾಗ ಮತ್ತೆ ಎದ್ದಿತು.

ಎರಡನೆಯದು, ಬೆಳಿಗ್ಗೆ ಹಗ್ಗ ಕಟ್ಟಿದವರು ಯಾರೆಂದು ಒಮ್ಮೆ ವಿಚಾರಿಸುವುದು. ಈ ವಿಷಯವನ್ನು ಕಾಕಾ ಅವರ ಬಳಿ ಆಡಿದಾಗ ಅವರು ಹೆಚ್ಚು ಯೋಚಿಸಲಿಲ್ಲ. ಕಳೆದ ಜನವರಿ 26ರಂದು ದಾಜು ಎಂದಿನಂತೆ ಬಾವುಟ ಮಡಚಿ ಕಟ್ಟಿ ಪಕ್ಕಕ್ಕೆ ಸರಿದು ನಿಂತಾಗ, ಕಾಕಾ ಹಗ್ಗದ ತುದಿಯನ್ನು ಅವರ ಕೈಗೇ ಕೊಟ್ಟರು. "ನಾನು ನೇಪಾಳದವನು ಸಾಬ್" ಎಂದರು ದಾಜು. "ಗಂಟು ಹಾಕಿದ್ದು ಯಾರು?" ಎಂದರು ಕಾಕಾ. ದಾಜು ಟೋಪಿ ಸರಿಮಾಡಿಕೊಂಡು ಹಗ್ಗ ಎಳೆದರು, ಚುರುಕಾಗಿ, ನಿಯಮದಲ್ಲಿ ಇರುವ ಹಾಗೆಯೇ.